ಅಪ್ಪ ಬಾರದ ಮ್ಯಾಚು ಮತ್ತು ಏಳು ಜನ ಹೀರೋಗಳು

ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಆಡೋದು ಹೇಗೆ ಅಂತ ಮೊದಲು ಹೇಳಿಬಿಡ್ತೀನಿ. ಹಳೇ ಮೈಸೂರು ಕಡೆಯವರಿಗೆ ಇದು ಗೊತ್ತಿರೋ ವಿಷಯವೇ. ಯಾರಿಗೆ ಯಾವ ಪಾರ್ಟು ಅನ್ನೋದು ನಟನೆ ನೋಡಿ ತೀರ್ಮಾನ ಆಗಲ್ಲ, ಯಾರು ಎಷ್ಟು ದುಡ್ಡು ಹಾಕ್ತಾರೆ ಅನ್ನೋದರ ಮೇಲೆ ಆಗುತ್ತೆ. ದುರ್ಯೋಧನ, ಕೃಷ್ಣ, ಭೀಮನ ಪಾರ್ಟಿಗೆ ರೇಟು ಜಾಸ್ತಿ. ದುಡ್ಡು ಕೊಟ್ಟವನು ಸುಮ್ನೆ ಬಂದು ನಿಂತು ಹೋಗ್ತಾನಾ? ಅವನಿಗೊಂದು ಎಂಟ್ರಿ ಬೇಕು, ಆಮೇಲೆ ಹಾಡು, ಹಾಡಿಗೊಂದು ಒನ್ಸ್ ಮೋರ್. ನಡುವೆ ನೆಂಟರು ವೇದಿಕೆ ಹತ್ತಿ ನೋಟಿನ ಹಾರ ಹಾಕಬೇಕು. ಹೀಗೆ ಒಬ್ಬೊಬ್ಬರದೇ ಎಂಟ್ರಿ ಮುಗಿಯೋ ಹೊತ್ತಿಗೆ ಬೆಳಗಿನ ಜಾವ ನಾಲ್ಕು ಗಂಟೆ. ಹದಿನೆಂಟು ದಿನದ ಯುದ್ಧಕ್ಕೆ ಉಳಿಯೋದು ಅರ್ಧ ಗಂಟೆ. ಕೋಳಿ ಕೂಗೋದರೊಳಗೆ ಭೀಷ್ಮ, ದ್ರೋಣ, ಕರ್ಣ ಎಲ್ಲರೂ ಸಾಲಾಗಿ ಬಿದ್ದು, ದುರ್ಯೋಧನನ ತೊಡೆ ಮುರಿದು, ಮಂಗಳ ಹಾಡಿ, ಜನ ಚಾಪೆ ಸುತ್ತಿಕೊಂಡು ಎದ್ದು ಹೋಗ್ತಾರೆ.

ಈ ನಾಟಕ ನೆನಪಾಗಿದ್ದು ಅಮೆರಿಕದ ಒಂದು ಕಾಮಿಕ್ಸ್ ಓದುವಾಗ. ಹೆಸರು 'ಜಸ್ಟಿಸ್ ಲೀಗ್: ಆರಿಜಿನ್'. ಕಥೆ ಜೆಫ್ ಜಾನ್ಸ್, ಚಿತ್ರ ಜಿಮ್ ಲೀ, ಪೆನ್ಸಿಲ್ ಮೇಲೆ ಇಂಕು ಹಾಕಿದವರು ಸ್ಕಾಟ್ ವಿಲಿಯಮ್ಸ್. 2011ರ ಆಗಸ್ಟ್ 31ರಂದು ಮೊದಲ ಸಂಚಿಕೆ ಬಂತು, 2012ರ ಫೆಬ್ರವರಿಯಲ್ಲಿ ಆರನೆಯದು ಬಂದು ಮೊದಲ ಕಥೆ ಮುಗಿಯಿತು. ಆರೂ ಸೇರಿಸಿದ ಪುಸ್ತಕ ಈಗಲೂ ಸಿಗುತ್ತೆ. ಸೂಪರ್‌ಹೀರೋ ಕಾಮಿಕ್ಸ್ ಎಲ್ಲಿಂದ ಶುರು ಮಾಡಲಿ ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ, ಹತ್ತರಲ್ಲಿ ಆರು ಜನ ತೋರಿಸೋದು ಇದನ್ನೇ. ನನಗೂ ಹಾಗೇ ಸಿಕ್ಕಿದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಕ್ಕದ ಸೀಟಿನ ಗೆಳೆಯನೊಬ್ಬ 'ಮಗಾ, ಇದನ್ನ ಓದು, ಜಾಸ್ತಿ ತಲೆ ಕೆಡಿಸ್ಕೊಳ್ಳೋ ಅವಶ್ಯಕತೆ ಇಲ್ಲ' ಅಂತ ಕೊಟ್ಟಿದ್ದ. ಅದುವರೆಗೆ ನನ್ನ ಕಾಮಿಕ್ಸ್ ಜ್ಞಾನ ಬಾಲಮಂಗಳದ ಡಿಂಗನ ಹತ್ತಿರ ನಿಂತಿತ್ತು. ಡಿಂಗ ಒಬ್ಬನೇ ಸಾಕು, ಅವನಿಗೆ ಟೀಮು ಬೇಕಾಗಿರಲಿಲ್ಲ.

ಆವಾಗಿಂದ ಈವರೆಗೆ ಈ ಪುಸ್ತಕವನ್ನ ನಾಲ್ಕೈದು ಸಲ ಓದಿದ್ದೀನಿ. ಪ್ರತಿ ಸಲವೂ ಖುಷಿಯಾಗಿದೆ, ಪ್ರತಿ ಸಲವೂ ಮುಗಿಸಿದ ಮೇಲೆ ಏನೋ ಒಂದು ಬಾಕಿ ಉಳಿದ ಹಾಗೆ ಅನಿಸಿದೆ. ಆ ಬಾಕಿ ಏನು ಅಂತ ಇತ್ತೀಚೆಗೆ ಗೊತ್ತಾಯ್ತು. ಅದಕ್ಕೇ ಇದನ್ನ ಬರೀತಿರೋದು.

ಮೊದಲು ಸ್ವಲ್ಪ ಹಿನ್ನೆಲೆ. 2011ರಲ್ಲಿ ಡಿಸಿ ಕಂಪನಿ ತನ್ನ ಇಡೀ ಕಾಮಿಕ್ಸ್ ಲೋಕವನ್ನ ರೀಸ್ಟಾರ್ಟ್ ಮಾಡಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ದಶಕಗಳ ಲೆಗಸಿ ಕೋಡ್ ತೆಗೆದಿಟ್ಟು ಹೊಸ ವರ್ಷನ್ ಬಿಟ್ಟಿತು. ಒಟ್ಟು 52 ಸರಣಿ, ಎಲ್ಲವೂ ಒಂದನೇ ಸಂಚಿಕೆಯಿಂದ. ಹೆಸರು 'ನ್ಯೂ 52'. ಅಂಗಡಿಗೆ ಬಂದ ದಿನವೇ ಡಿಜಿಟಲ್‌ನಲ್ಲೂ ಲಭ್ಯ. ಆ 52ರ ಸಾಲಿನಲ್ಲಿ ಮೊದಲು ಹೊರಬಂದಿದ್ದು ಇದೇ ಜಸ್ಟಿಸ್ ಲೀಗ್. ಹಾಗಾಗಿ ಇದಕ್ಕೆ ಎರಡು ಕೆಲಸ ಇತ್ತು. ಒಂದು, ಕಥೆ ಹೇಳೋದು. ಇನ್ನೊಂದು, ಅಂಗಡಿ ಬಾಗಿಲು ತೆಗೆದು 'ಬನ್ನಿ ಬನ್ನಿ' ಅಂತ ಕರೆಯೋದು. ಪುಸ್ತಕದ ಏರುಪೇರಿಗೆಲ್ಲ ಕಾರಣ ಹುಡುಕಿದರೆ, ಈ ಎರಡನೇ ಕೆಲಸ ಮೊದಲನೆಯದರ ಮೇಲೆ ಹತ್ತಿ ಕೂತಿರೋದು ಕಾಣುತ್ತೆ.

ಕಥೆ ನಡೆಯೋದು 'ಐದು ವರ್ಷದ ಹಿಂದೆ'. ಸೂಪರ್‌ಹೀರೋಗಳು ಆಗಷ್ಟೇ ಕಾಣಿಸಿಕೊಳ್ತಿದ್ದಾರೆ, ಜನಕ್ಕೆ ಅವರನ್ನ ಕಂಡರೆ ಭಯ. ಗಾಥಮ್ ನಗರದಲ್ಲಿ ಬ್ಯಾಟ್‌ಮ್ಯಾನ್ ಒಂದು ವಿಚಿತ್ರ ಜಂತುವಿನ ಹಿಂದೆ ಓಡ್ತಿದ್ದಾನೆ, ಪೊಲೀಸರು ಬ್ಯಾಟ್‌ಮ್ಯಾನ್ ಹಿಂದೆ ಓಡ್ತಿದ್ದಾರೆ. ಅಲ್ಲಿಗೆ ಗ್ರೀನ್ ಲ್ಯಾಂಟರ್ನ್ ಹಾಲ್ ಜೋರ್ಡನ್ ಹಾರಿ ಬರ್ತಾನೆ. ಇವನಿಗೆ ಏನೇನು ಪವರ್ ಇದೆ ಅಂತ ಹಾಲ್‌ಗೆ ಕುತೂಹಲ. ಏನೂ ಇಲ್ಲ, ಬರೀ ಬ್ಯಾಟ್ ವೇಷ ಹಾಕಿಕೊಂಡ ಮನುಷ್ಯ ಅಂತ ಗೊತ್ತಾದಾಗ ಅವನ ಮುಖ ನೋಡಬೇಕು. ಮರುಕ್ಷಣವೇ ಬ್ಯಾಟ್‌ಮ್ಯಾನ್ ಅವನ ಬೆರಳಿನ ಉಂಗುರವನ್ನೇ ಕಳಚಿ ಕೈಯಲ್ಲಿ ಹಿಡಿದುಕೊಂಡಿರ್ತಾನೆ. ಈ ಜಗಳ, ಈ ಕಾಲೆಳೆದಾಟ ನಿಜಕ್ಕೂ ಚೆನ್ನಾಗಿದೆ. ಜಂತು ಬಿಟ್ಟು ಹೋದ ಪೆಟ್ಟಿಗೆಯೊಂದು ಸಿಗುತ್ತೆ. ಅದು ಬೇರೆ ಗ್ರಹದ್ದು ಅಂತ ಅನಿಸಿ, ಬೇರೆ ಗ್ರಹದವನನ್ನೇ ಕೇಳೋಣ ಅಂತ ಇಬ್ಬರೂ ಮೆಟ್ರೊಪೊಲಿಸ್‌ಗೆ ಹೋಗ್ತಾರೆ. ಅಲ್ಲಿ ಸೂಪರ್‌ಮ್ಯಾನ್ ಎಂಟ್ರಿ. ಮೊದಲ ಸಂಚಿಕೆ ಮುಗೀತು.

ಏಳು ಜನರ ಟೀಮಿನ ಕಥೆ ಅಂತ ದುಡ್ಡು ಕೊಟ್ಟು ಮೊದಲ ಸಂಚಿಕೆ ತಗೊಂಡವನಿಗೆ ಸಿಕ್ಕಿದ್ದು ಇಬ್ಬರು, ಜೊತೆಗೆ ಕೊನೆಯಲ್ಲಿ ಒಂದು ಕೆಂಪು ಶಾಲು. ಎರಡನೇ ಸಂಚಿಕೆಯಲ್ಲಿ ಹಾಲ್ ತನ್ನ ಗೆಳೆಯ ಫ್ಲ್ಯಾಶ್‌ನನ್ನ ಕರೆಸ್ತಾನೆ, ನಾಲ್ವರೂ ಹೊಡೆದಾಡ್ತಾರೆ. ಮೂರನೆಯದರಲ್ಲಿ ವಂಡರ್ ವುಮನ್. ಆಮೇಲೆ ಅಕ್ವಾಮ್ಯಾನ್ ಬಂದವನೇ ಇಲ್ಲಿ ಲೀಡರ್ ಯಾರು ಅಂತ ವಿಚಾರಿಸಿ, ತಾನೇ ಆಗ್ತೀನಿ ಅಂತಾನೆ. ಎಲ್ಲರಿಗೂ ನಗು. ಅವನು ಸಮುದ್ರದಿಂದ ಶಾರ್ಕ್‌ಗಳನ್ನ ಎಬ್ಬಿಸಿ ಶತ್ರುಗಳ ಮೇಲೆ ಛೂ ಬಿಟ್ಟ ಮೇಲೆ ನಗು ನಿಲ್ಲುತ್ತೆ. ಆ ಪುಟಕ್ಕೆ ನಾನು ಈಗಲೂ ಮನಸ್ಸಲ್ಲೇ ಶಿಳ್ಳೆ ಹೊಡೀತೀನಿ. ನಾಲ್ಕನೇ ಸಂಚಿಕೆಯ ಕೊನೆಗೆ ಖಳನಾಯಕ ಡಾರ್ಕ್‌ಸೈಡ್ ಎಂಟ್ರಿ. ಉಳಿದಿರೋದು ಎರಡೇ ಸಂಚಿಕೆ. ನಮ್ಮೂರ ಲೆಕ್ಕದಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ.

ನಿಜ ಹೇಳಬೇಕು ಅಂದ್ರೆ, ಎಂಟ್ರಿಗಳ ಮೇಲೆ ನನಗೆ ತಕರಾರು ಇಲ್ಲ. ಜಿಮ್ ಲೀ ಚಿತ್ರ ಬರೆಯೋದೇ ಎಂಟ್ರಿಗೋಸ್ಕರ. 1991ರಲ್ಲಿ ಇವರೇ ಬರೆದ 'ಎಕ್ಸ್-ಮೆನ್' ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಗಿ ದಾಖಲೆ ಮಾಡಿತ್ತು. ಇಡೀ ಪುಟ ತುಂಬೋ ಭಂಗಿ, ಗಾಳಿಗೆ ಹಾರೋ ಶಾಲು, ಹಿನ್ನೆಲೆಯಲ್ಲಿ ಪುಡಿಪುಡಿ ಆಗ್ತಿರೋ ಕಾಂಕ್ರೀಟಿನ ಒಂದೊಂದು ಚೂರು. ಈ ಪುಸ್ತಕದಲ್ಲಿ ಅದು ಸಿಕ್ಕಾಪಟ್ಟೆ ಇದೆ. ಆದರೆ ಹೊಡೆದಾಟದ ಪುಟಗಳಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಅನ್ನೋದು ಹಲವು ಕಡೆ ಕಲಸಿಹೋಗುತ್ತೆ. ಒಂದೇ ಥರದ ರೆಕ್ಕೆಯ ಪ್ಯಾರಡೀಮನ್‌ಗಳು ನೂರಾರು, ಅವುಗಳ ನಡುವೆ ಏಳು ಬಣ್ಣದ ಬಟ್ಟೆಗಳು. ಚಿತ್ರಗಳು ಒಂದೊಂದಾಗಿ ಅದ್ಭುತ, ಸಾಲಾಗಿ ನೋಡಿದಾಗ ಸ್ವಲ್ಪ ಸುಸ್ತು.

ಮಾತಿನಲ್ಲೂ ಅದೇ ಅಸಮತೋಲನ. ಜೆಫ್ ಜಾನ್ಸ್ ಈ ಪುಸ್ತಕಕ್ಕೆ ಮುಂಚೆ ವರ್ಷಗಟ್ಟಲೆ ಗ್ರೀನ್ ಲ್ಯಾಂಟರ್ನ್ ಬರೆದವರು, ಫ್ಲ್ಯಾಶ್ ಬರೆದವರು. ಹಾಗಾಗಿ ಹಾಲ್ ಬಾಯಿ ಬಿಟ್ಟರೆ ಮಾತು ಸಲೀಸು, ಫ್ಲ್ಯಾಶ್ ಜೊತೆಗಿನ ಅವನ ಸ್ನೇಹವೂ ಸಲೀಸು. ವಂಡರ್ ವುಮನ್‌ಗೆ ಒಂದು ಐಸ್‌ಕ್ರೀಮ್ ದೃಶ್ಯ ಸಿಕ್ಕಿದೆ. ಒಬ್ಬ ಪುಟ್ಟ ಹುಡುಗಿಯ ಜೊತೆ ನಿಂತು ಜೀವನದಲ್ಲಿ ಮೊದಲ ಸಲ ಐಸ್‌ಕ್ರೀಮ್ ತಿಂದು ಬೆರಗಾಗೋದು. ಮುದ್ದಾಗಿದೆ. ಅದಾದ ಮೇಲೆ ಅವಳು ಕತ್ತಿ ಬೀಸೋದು ಬಿಟ್ಟರೆ ಇನ್ನೇನೂ ಇಲ್ಲ. ಸೂಪರ್‌ಮ್ಯಾನ್‌ನದು ಇನ್ನೂ ಅನ್ಯಾಯ. ಬಂದ, ಹೊಡೆದ, ಐದನೇ ಸಂಚಿಕೆಯಲ್ಲಿ ಶತ್ರುಗಳು ಅವನನ್ನ ಅಪೊಕೊಲಿಪ್ಸ್ ಅನ್ನೋ ಅವರ ಲೋಕಕ್ಕೆ ಎಳೆದುಕೊಂಡು ಹೋದರು. ಅವನು ಯಾರು, ಅವನಿಗೆ ಏನು ಬೇಕು ಅನ್ನೋದು ಈ ಆರು ಸಂಚಿಕೆಗಳನ್ನ ಮಾತ್ರ ಓದಿದವನಿಗೆ ತಿಳಿಯೋದಿಲ್ಲ.

ಇಷ್ಟಿದ್ದೂ ಪುಸ್ತಕ ಬೀಳದ ಹಾಗೆ ಹಿಡಿದಿಟ್ಟಿರೋದು ಎರಡು ಎಳೆ. ಒಂದು ಐದನೇ ಸಂಚಿಕೆಯ ಬ್ಯಾಟ್‌ಮ್ಯಾನ್. ಡಾರ್ಕ್‌ಸೈಡ್ ಎಲ್ಲರನ್ನೂ ಹಣ್ಣುಗಾಯಿ ನೀರುಗಾಯಿ ಮಾಡಿದ್ದಾನೆ, ಹಾಲ್‌ನ ಕೈ ಮುರಿದಿದೆ, ಆದರೂ ಒಬ್ಬನೇ ನುಗ್ಗಿ ಹೀರೋ ಆಗೋ ಹಟ. ಆಗ ಬ್ಯಾಟ್‌ಮ್ಯಾನ್ ಅವನೆದುರು ಮುಖವಾಡ ತೆಗೆದು ತನ್ನ ನಿಜವಾದ ಹೆಸರು ಹೇಳ್ತಾನೆ, ಅಪ್ಪ ಅಮ್ಮ ಸತ್ತಿದ್ದು ಹೇಳ್ತಾನೆ. ಇದು ನಿನ್ನ ಬಗ್ಗೆ ಅಲ್ಲ, ನನ್ನ ಬಗ್ಗೆಯೂ ಅಲ್ಲ ಅನ್ನೋದು ಅದರ ತಾತ್ಪರ್ಯ. ಆಮೇಲೆ ಎದೆಯ ಮೇಲಿನ ಚಿಹ್ನೆಯನ್ನೂ ಶಾಲನ್ನೂ ಕಿತ್ತೆಸೆದು, ಸಾಮಾನ್ಯ ಮನುಷ್ಯನ ಹಾಗೆ ಶತ್ರುಗಳ ಕೈಗೆ ಬೇಕಂತಲೇ ಸಿಕ್ಕಿಕೊಂಡು ಸೂಪರ್‌ಮ್ಯಾನ್‌ನ ಬಿಡಿಸೋಕೆ ಹೋಗ್ತಾನೆ. ಐದು ಸಂಚಿಕೆ ಬರೀ ಎಂಟ್ರಿ ಕೊಟ್ಟ ಪುಸ್ತಕದಲ್ಲಿ ಒಬ್ಬನಾದರೂ ವೇಷ ಕಳಚಿದ. ಟೀಮು ಅಂತ ಒಂದು ಹುಟ್ಟಿದ್ದರೆ ಅದು ಇಲ್ಲಿ.

ಇನ್ನೊಂದು ಎಳೆ ವಿಕ್ಟರ್ ಸ್ಟೋನ್.

ಉಳಿದ ಆರು ಜನ ಕಥೆಗೆ ಬರೋ ಹೊತ್ತಿಗೇ ಹೀರೋಗಳು. ವಿಕ್ಟರ್ ಹಾಗಲ್ಲ. ಅವನು ಶಾಲೆಯ ಫುಟ್‌ಬಾಲ್ ಆಟಗಾರ, ಅಮೆರಿಕನ್ ಫುಟ್‌ಬಾಲು. ಒಳ್ಳೇ ಆಟಗಾರ, ಕಾಲೇಜುಗಳಿಂದ ಅವನನ್ನ ನೋಡೋಕೆ ಜನ ಬರ್ತಿದ್ದಾರೆ. ಬಾರದೇ ಇರೋನು ಅಪ್ಪ ಒಬ್ಬನೇ. ಅಪ್ಪ ಸೈಲಸ್ ಸ್ಟೋನ್, ಸ್ಟಾರ್ ಲ್ಯಾಬ್ಸ್‌ನ ದೊಡ್ಡ ವಿಜ್ಞಾನಿ. ಹೊಸದಾಗಿ ಕಾಣಿಸಿಕೊಂಡಿರೋ ಸೂಪರ್‌ಹೀರೋಗಳ ಬಗ್ಗೆ ಅವನಿಗೆ ಇನ್ನಿಲ್ಲದ ಆಸಕ್ತಿ. ಹಾರೋ ಮನುಷ್ಯರಿರೋ ಕಾಲದಲ್ಲಿ ಚೆಂಡು ಹಿಡಿದು ಓಡೋದು ಅವನಿಗೆ ಏನೂ ಅಲ್ಲ. ಎರಡನೇ ಸಂಚಿಕೆಯಲ್ಲಿ ಹುಡುಗ ಲ್ಯಾಬಿಗೇ ಹೋಗಿ ಅಪ್ಪನ ಜೊತೆ ಜಗಳಕ್ಕೆ ನಿಲ್ತಾನೆ. ಆ ಹೊತ್ತಿಗೇ ಲ್ಯಾಬಿನಲ್ಲಿದ್ದ ಅನ್ಯಲೋಕದ ಪೆಟ್ಟಿಗೆ ಸಿಡಿಯುತ್ತೆ. ಹುಡುಗನ ದೇಹ ಮುಕ್ಕಾಲು ಹೋಗುತ್ತೆ. ಅಪ್ಪ ಲ್ಯಾಬಿನಲ್ಲಿ ಕೈಗೆ ಸಿಕ್ಕ, ಇನ್ನೂ ಪ್ರಯೋಗದಲ್ಲಿರೋ ತಂತ್ರಜ್ಞಾನವನ್ನೆಲ್ಲ ಮಗನ ಮೈಗೆ ಜೋಡಿಸಿ ಬದುಕಿಸ್ತಾನೆ. ಕಣ್ಣು ಬಿಟ್ಟಾಗ ವಿಕ್ಟರ್ ಅರ್ಧ ಮನುಷ್ಯ, ಅರ್ಧ ಯಂತ್ರ. ಸೈಬೋರ್ಗ್. ಯಾರೂ ಅವನನ್ನ ಕೇಳಿರಲಿಲ್ಲ.

ಈಗ ನನ್ನ ವಿಷಯಕ್ಕೆ ಬರ್ತೀನಿ, ಎರಡು ನಿಮಿಷ ಸಹಿಸಿಕೊಳ್ಳಿ.

ನಮ್ಮದು ಪಿರಿಯಾಪಟ್ಟಣದ ಕಡೆ ಹಳ್ಳಿ, ಅಪ್ಪ ಹೊಗೆಸೊಪ್ಪು ಬೆಳೀತಿದ್ರು. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ ಬೆಂಕಿ ಹಾಕಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಅಲ್ಲೇ ಇರಬೇಕು. ಶಾಖ ಸ್ವಲ್ಪ ಏರಿದರೂ ಇಳಿದರೂ ಸೊಪ್ಪಿನ ಬಣ್ಣ ಕೆಡುತ್ತೆ, ಬಣ್ಣ ಕೆಟ್ಟರೆ ಹರಾಜಿನಲ್ಲಿ ರೇಟು ಬೀಳುತ್ತೆ. ಸೊಪ್ಪು ಬೇಯಿಸೋ ಕಾಲವೂ ಶಾಲೆಯ ಕ್ರೀಡಾಕೂಟಗಳ ಕಾಲವೂ ಒಂದೇ, ಆಗಸ್ಟ್-ಸೆಪ್ಟೆಂಬರ್. ನಾನು ಖೋ-ಖೋ ಆಡ್ತಿದ್ದೆ. ತಾಲ್ಲೂಕು ಮಟ್ಟಕ್ಕೆ ಹೋದೆ, ಜಿಲ್ಲಾ ಮಟ್ಟಕ್ಕೂ ಹೋದೆ. ಅಪ್ಪ ಒಂದು ಮ್ಯಾಚನ್ನೂ ನೋಡಲಿಲ್ಲ. 'ಬೆಂಕಿ ಹಾಕಿದೀನಿ ಮಗ' ಅಂದರೆ ಮಾತು ಮುಗೀತು.

ಮೊದಲ ಸಲ ಈ ಪುಸ್ತಕ ಓದಿದಾಗ ನಾನು ಪೂರ್ತಿ ವಿಕ್ಟರ್ ಪಾರ್ಟಿ. ಸೈಲಸ್‌ನ ಕಂಡರೆ ಮೈಯೆಲ್ಲ ಉರಿ. ನಮ್ಮಪ್ಪನಿಗಾದರೂ ಬ್ಯಾರನ್ ಇತ್ತು, ಬ್ಯಾಂಕಿನ ಸಾಲ ಇತ್ತು. ಇವನಿಗೇನು ಕೇಡು ಅಂತ. ಕಳೆದ ವರ್ಷ ಮತ್ತೆ ಓದಿದಾಗ ಸ್ವಲ್ಪ ಕಸಿವಿಸಿ ಆಯ್ತು. ಅಷ್ಟೊತ್ತಿಗೆ ನನಗೂ ಮಗಳಾಗಿದ್ದಳು. ಅವಳ ಸ್ಕೂಲ್ ಡೇ ದಿನ ಪ್ರೊಡಕ್ಷನ್‌ನಲ್ಲಿ ಏನೋ ಬಿದ್ದುಹೋಗಿ, ನಾನು ಪಾರ್ಕಿಂಗಿನಲ್ಲಿ ಕಾರೊಳಗೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದೆ. ಕಾಲ್ ಮುಗಿಸಿ ಒಳಗೆ ಹೋಗೋ ಹೊತ್ತಿಗೆ ಅವಳ ಡ್ಯಾನ್ಸ್ ಮುಗಿದಿತ್ತು. ನಾನು ಹಾಕಿದ್ದು ಯಾವ ಬ್ಯಾರನ್ನಿಗೆ ಬೆಂಕಿ? ಬೇರೆ ಯಾರಾದರೂ ಆ ಕಾಲ್ ತಗೋಬಹುದಿತ್ತು. ನಾನೇ ತಗೊಂಡೆ, ಯಾಕಂದ್ರೆ ಆ ಸಿಸ್ಟಮ್ ನನಗೆ ಚೆನ್ನಾಗಿ ಗೊತ್ತು, ಗೊತ್ತಿದೆ ಅಂತ ತೋರಿಸಿಕೊಳ್ಳೋದು ನನಗೆ ಇಷ್ಟ. ಅವತ್ತಿನಿಂದ ಸೈಲಸ್ ಸ್ಟೋನ್ ನನಗೆ ಖಳನಾಯಕ ಆಗಿ ಉಳಿದಿಲ್ಲ. ತುಂಬಾ ಹತ್ತಿರದ ಪರಿಚಯದವನ ಹಾಗೆ ಕಾಣ್ತಾನೆ.

ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ಈ ಪುಸ್ತಕದ ಏರುಪೇರು ನಿಜವಾಗಿ ಇರೋದು ಇಲ್ಲಿ. ಅಕ್ವಾಮ್ಯಾನ್‌ಗೆ ಎಷ್ಟು ಪುಟ, ಫ್ಲ್ಯಾಶ್‌ಗೆ ಎಷ್ಟು ಪುಟ ಅನ್ನೋ ಲೆಕ್ಕವನ್ನ ಎಲ್ಲಾ ವಿಮರ್ಶಕರೂ ಹಾಕಿದ್ದಾರೆ, ನಾನೂ ಮೇಲೆ ಹಾಕಿದೆ. ಅದು ಸಣ್ಣ ದೋಷ. ಟೀಮಿನ ಕಥೆಯಲ್ಲಿ ಎಲ್ಲರಿಗೂ ಸಮಪಾಲು ಸಿಗಲೇಬೇಕು ಅಂತೇನಿಲ್ಲ. ದೊಡ್ಡ ದೋಷ ಏನಂದ್ರೆ, ಮನಸ್ಸಿಗೆ ತಟ್ಟೋ ಭಾರವನ್ನೆಲ್ಲ ಪುಸ್ತಕ ಒಬ್ಬ ಹುಡುಗನ ಹೆಗಲಿಗೆ ಹಾಕಿ, ಕೊನೆಗೆ ಆ ಭಾರವನ್ನ ಇಳಿಸೋದನ್ನೇ ಮರೆಯುತ್ತೆ.

ಆರನೇ ಸಂಚಿಕೆ ನೋಡಿ. ಅಕ್ವಾಮ್ಯಾನ್ ಮತ್ತು ವಂಡರ್ ವುಮನ್ ಸೇರಿ ಡಾರ್ಕ್‌ಸೈಡ್‌ನ ಎರಡೂ ಕಣ್ಣಿಗೆ ಆಯುಧ ಚುಚ್ತಾರೆ. ಸೂಪರ್‌ಮ್ಯಾನ್ ಅವನನ್ನ ಹಿಂದಕ್ಕೆ ನೂಕ್ತಾನೆ. ನೂಕೋದು ಎಲ್ಲಿಗೆ? ಸೈಬೋರ್ಗ್ ತೆರೆದ ಬಾಗಿಲಿನೊಳಕ್ಕೆ. ಅನ್ಯಲೋಕಕ್ಕೂ ಭೂಮಿಗೂ ನಡುವಿನ ದಾರಿ ತೆರೆಯೋ ಶಕ್ತಿ ಇರೋದು ಅವನ ಮೈಯಲ್ಲಿ ಸೇರಿಕೊಂಡ ತಂತ್ರಜ್ಞಾನದಲ್ಲಿ. ಅವನ ದೇಹವನ್ನ ಸುಟ್ಟಿದ್ದು ಯಾವುದೋ, ಅದನ್ನೇ ಬಳಸಿ ಅವನು ಭೂಮಿಯನ್ನ ಉಳಿಸ್ತಾನೆ. ಇದಕ್ಕಿಂತ ಒಳ್ಳೇ ಕ್ಲೈಮ್ಯಾಕ್ಸ್ ಬೇಕಾ? ಆದರೆ ಕಥೆ ಅಲ್ಲಿ ನಿಲ್ಲೋದೇ ಇಲ್ಲ. ಬಾಗಿಲು ತೆರೆಯಿತು, ಮುಚ್ಚಿತು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಗೌರವ ಸಮಾರಂಭ, ಟೀಮಿಗೆ ಹೆಸರೇನಿಡೋದು ಅನ್ನೋ ತಮಾಷೆ. ಅಪ್ಪ ಮಗನ ಲೆಕ್ಕ ಚುಕ್ತಾ ಆಗಲೇ ಇಲ್ಲ.

ಸಾಫ್ಟ್‌ವೇರ್ ಟೀಮಿನಲ್ಲಿ ಕೆಲಸ ಮಾಡಿದವರಿಗೆ ಈ ಹುಡುಗ ಗೊತ್ತು. ಡೆಮೋದಲ್ಲಿ ಸ್ಕ್ರೀನ್ ತೋರಿಸೋರು ಬೇರೆ, ರಾತ್ರಿಯಿಡೀ ಕೂತು ಆರು ಜನರ ಕೋಡನ್ನ ಒಂದಕ್ಕೊಂದು ಜೋಡಿಸಿದವನು ಬೇರೆ. ಅವನು ಒಂದು ದಿನ ರಜಾ ಹಾಕಿದಾಗಲೇ ಅವನು ಏನು ಮಾಡ್ತಿದ್ದ ಅಂತ ಗೊತ್ತಾಗೋದು. ಸೈಬೋರ್ಗ್ ಈ ಲೀಗಿನ ಇಂಟಿಗ್ರೇಷನ್ ಇಂಜಿನಿಯರ್. ಶತ್ರು ಯಾರು, ಏನು ಬೇಕಾಗಿದೆ ಅಂತ ಮಾಹಿತಿ ತಂದಿದ್ದೂ ಅವನೇ, ಬಾಗಿಲು ತೆರೆದಿದ್ದೂ ಅವನೇ. ಆದರೂ ಅವನಿಗೆ ಏನು ಬೇಕಾಗಿದೆ ಅಂತ ಯಾರೂ ಕೇಳಲಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಜಸ್ಟಿಸ್ ಲೀಗ್ ಮೊದಲು ಬಂದಿದ್ದು 1960ರಲ್ಲಿ, 'ದಿ ಬ್ರೇವ್ ಅಂಡ್ ದಿ ಬೋಲ್ಡ್' 28ನೇ ಸಂಚಿಕೆಯಲ್ಲಿ. ಬರೆದವರು ಗಾರ್ಡ್ನರ್ ಫಾಕ್ಸ್, ಚಿತ್ರ ಮೈಕ್ ಸೆಕೋವ್‌ಸ್ಕಿ. ಆ ಏಳು ಜನರಲ್ಲಿ ಸೈಬೋರ್ಗ್ ಇರಲಿಲ್ಲ, ಆ ಜಾಗದಲ್ಲಿ ಇದ್ದದ್ದು ಮಂಗಳ ಗ್ರಹದ ಹಸಿರು ಮೈಯ ಮಾರ್ಷಿಯನ್ ಮ್ಯಾನ್‌ಹಂಟರ್. 2011ರಲ್ಲಿ ಅವನನ್ನ ತೆಗೆದು ಕಪ್ಪು ವರ್ಣೀಯನಾದ ವಿಕ್ಟರ್‌ನನ್ನ ಸ್ಥಾಪಕ ಸದಸ್ಯ ಮಾಡಿದ್ದು ಸಣ್ಣ ನಿರ್ಧಾರ ಅಲ್ಲ. ಏಳು ಜನರಲ್ಲಿ ಕಪ್ಪು ವರ್ಣೀಯ ಅವನೊಬ್ಬನೇ. ಅಂಥವನಿಗೆ ಕೊಟ್ಟ ಪಾತ್ರ ಏನು? ಕೇಳದೆ ಬದಲಾಯಿಸಿದ ಮೈ, ಬೇರೆಯವರು ದಾಟಿ ಹೋಗೋಕೆ ಒಂದು ಬಾಗಿಲು. ಖುರ್ಚಿ ಕೊಟ್ಟರು, ಮಾತಾಡೋಕೆ ಮೈಕ್ ಕೊಡಲಿಲ್ಲ.

ಅಂದಹಾಗೆ ಆ 1960ರ ಕಥೆಯಲ್ಲಿ ಟೀಮು ಹೇಗೆ ಕಟ್ಟಿದರು ಅನ್ನೋ ಪ್ರಶ್ನೆಯೇ ಇಲ್ಲ. ಪುಟ ತೆರೆದರೆ ಟೀಮು ಆಗಲೇ ಇದೆ. ಸ್ಟಾರೋ ಅನ್ನೋ ದೈತ್ಯ ನಕ್ಷತ್ರಮೀನು ದಾಳಿ ಮಾಡುತ್ತೆ, ಇವರು ಗುಂಪು ಗುಂಪಾಗಿ ಹೋಗಿ ಕೆಲಸ ಮುಗಿಸ್ತಾರೆ. ಟೀಮು ಹುಟ್ಟಿದ ಕಥೆ ಹೇಳಿದ್ದು 1962ರಲ್ಲಿ. ಅಲ್ಲಿ ಯಾರ ಮನಸ್ಸಿನೊಳಗೂ ಇಣುಕುವ ಉದ್ದೇಶ ಇರಲಿಲ್ಲ, ಹಾಗಾಗಿ ಏರುಪೇರೂ ಕಾಣಲ್ಲ. ಜಾನ್ಸ್ ಪುಸ್ತಕ ಹಾಗಲ್ಲ. ಅದು ಅಪ್ಪ ಬಾರದ ಮ್ಯಾಚು ತೋರಿಸಿ ನಮ್ಮಿಂದ ಸಾಲ ತಗೊಂಡಿದೆ. ಸಾಲ ತಗೊಂಡ ಮೇಲೆ ತೀರಿಸಬೇಕಲ್ಲ.

ತೀರಿಸೋಕೆ ಆಗಲ್ಲ ಅಂತೇನಿಲ್ಲ. ಸೈಬೋರ್ಗ್‌ನನ್ನ ಸೃಷ್ಟಿ ಮಾಡಿದ್ದು 1980ರಲ್ಲಿ ಮಾರ್ವ್ ವುಲ್ಫ್‌ಮನ್ ಮತ್ತು ಜಾರ್ಜ್ ಪೆರೆಜ್, 'ಟೀನ್ ಟೈಟನ್ಸ್' ಟೀಮಿಗಾಗಿ. ಅಲ್ಲೂ ಅಪ್ಪ ವಿಜ್ಞಾನಿ, ಅಲ್ಲೂ ಅಪಘಾತ, ಅಲ್ಲೂ ಮಗನ ಸಿಟ್ಟು. ಆದರೆ ಅವರು ಆ ಸಿಟ್ಟನ್ನ ಸುಮ್ನೆ ಬಿಡಲಿಲ್ಲ. ಟೈಟನ್ಸ್ ವಾಸವಾಗಿರೋ ದೊಡ್ಡ ಗೋಪುರವನ್ನ ತನ್ನ ಅಪ್ಪನೇ ಕಟ್ಟಿಸಿದ್ದು ಅಂತ ವಿಕ್ಟರ್‌ಗೆ ಆಮೇಲೆ ಗೊತ್ತಾಗುತ್ತೆ. ಅಷ್ಟೊತ್ತಿಗೆ ಅಪ್ಪ ಸಾವಿನ ಹತ್ತಿರ ಬಂದಿದ್ದಾನೆ. ಉಳಿದ ಸ್ವಲ್ಪ ದಿನ ಇಬ್ಬರೂ ಒಟ್ಟಿಗೆ ಕಳೀತಾರೆ. ಅದೂ ಟೀಮಿನ ಕಥೆಯೇ, ಅಲ್ಲೂ ಪ್ರತಿ ತಿಂಗಳು ಹೊಡೆದಾಟ ಇತ್ತು. ಆದರೂ ಜಾಗ ಮಾಡಿಕೊಂಡರು.

ಸಿನಿಮಾದಲ್ಲೂ ಇದೇ ಪಾಠ. 2017ರಲ್ಲಿ ಬಂದ 'ಜಸ್ಟಿಸ್ ಲೀಗ್' ಸಿನಿಮಾ ಎರಡು ಗಂಟೆಯದು. ಅದರಲ್ಲಿ ರೇ ಫಿಶರ್ ಮಾಡಿದ ಸೈಬೋರ್ಗ್ ಪಾತ್ರವನ್ನ ಕತ್ತರಿಸಿ ಕತ್ತರಿಸಿ ಬರೀ ಪಾಸ್‌ವರ್ಡ್ ಥರ ಮಾಡಿಟ್ಟಿದ್ದರು. 2021ರಲ್ಲಿ ಜ್ಯಾಕ್ ಸ್ನೈಡರ್ ತನ್ನ ನಾಲ್ಕು ಗಂಟೆಯ ಆವೃತ್ತಿ ಬಿಟ್ಟಾಗ ಮರಳಿ ಬಂದಿದ್ದು ಫುಟ್‌ಬಾಲ್ ಮ್ಯಾಚು, ಬಾರದ ಅಪ್ಪ, ಕೊನೆಗೆ ಆ ಅಪ್ಪನ ತ್ಯಾಗ. ನಾಲ್ಕು ಗಂಟೆ ಅತಿಯಾಯ್ತು, ಸ್ಲೋ ಮೋಷನ್ ನೋಡಿ ನನಗೂ ಆಕಳಿಕೆ ಬಂತು. ಆದರೂ ಎರಡು ಆವೃತ್ತಿ ಪಕ್ಕಪಕ್ಕ ಇಟ್ಟರೆ, ಯಾವ ಹುಡುಗನನ್ನ ಹೊರಗಿಟ್ಟರೆ ಕಥೆ ಟೊಳ್ಳಾಗುತ್ತೆ ಅನ್ನೋದು ಕಣ್ಣಿಗೆ ಹೊಡೆಯೋ ಹಾಗೆ ಕಾಣುತ್ತೆ.

ಮಾಸಿಕ ಕಾಮಿಕ್ಸ್ ಬರೆಯೋರ ಕಷ್ಟ ನನಗೆ ಅರ್ಥ ಆಗುತ್ತೆ. ಪ್ರತಿ ಸಂಚಿಕೆಯ ಕೊನೆಗೆ ಓದುಗ ಮುಂದಿನ ತಿಂಗಳು ಬರೋ ಹಾಗೆ ಒಂದು ಕೊಕ್ಕೆ ಹಾಕಬೇಕು. ಸೂಪರ್‌ಮ್ಯಾನ್, ಡಾರ್ಕ್‌ಸೈಡ್ ಎಲ್ಲರೂ ಆ ಕೊಕ್ಕೆಗಳೇ. ಅಪ್ಪ ಮಗ ಎದುರುಬದುರು ಕೂತು ಮಾತಾಡೋ ಪುಟ ಕೊಕ್ಕೆ ಆಗಲ್ಲ. ಅದು ಮುಂದಿನ ಸಂಚಿಕೆ ಮಾರಲ್ಲ. 'ಆಮೇಲೆ ನೋಡಿಕೊಳ್ಳೋಣ' ಅಂತ ಬ್ಯಾಕ್‌ಲಾಗಿಗೆ ಹೋಗುತ್ತೆ. ಆಮೇಲೆ ನೋಡಿದರು ಕೂಡ. ಮುಂದಿನ ಸಂಚಿಕೆಗಳಲ್ಲಿ ಅಲ್ಲಲ್ಲಿ ಆ ಎಳೆ ಬರುತ್ತೆ, 2015ರಲ್ಲಿ ಸೈಬೋರ್ಗ್‌ಗೆ ಅಂತಲೇ ಸ್ವಂತ ಸರಣಿಯೂ ಶುರುವಾಯ್ತು. ಆದರೆ ಈ ಪುಸ್ತಕವನ್ನ ಈ ಪುಸ್ತಕವಾಗಿ ಓದೋನಿಗೆ ನಾಲ್ಕು ವರ್ಷ ಕಾಯಿ ಅಂತ ಹೇಳೋಕಾಗುತ್ತಾ?

ಹಾಗಾದ್ರೆ ಓದಬೇಕಾ, ಬೇಡವಾ? ಓದಿ. ಬ್ಯಾಟ್‌ಮ್ಯಾನ್ ಉಂಗುರ ಕದಿಯೋದಕ್ಕೆ, ಶಾರ್ಕ್‌ಗಳಿಗೆ, ಐದನೇ ಸಂಚಿಕೆಯಲ್ಲಿ ಕಳಚಿದ ಮುಖವಾಡಕ್ಕೆ. ಒಂದು ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಶುರು ಮಾಡಿದರೆ ಕಾಫಿ ಹೊತ್ತಿಗೆ ಮುಗಿಯುತ್ತೆ. ಮುಗಿಸಿದ ಮೇಲೆ ಮೊದಲ ಸಂಚಿಕೆಗೆ ವಾಪಸ್ ಹೋಗಿ ವಿಕ್ಟರ್ ಇರೋ ಪುಟಗಳನ್ನ ಮಾತ್ರ ಸಾಲಾಗಿ ಓದಿ ನೋಡಿ. ಒಂದು ಬೇರೆಯೇ ಪುಸ್ತಕ ಕಾಣುತ್ತೆ. ಅದು ಇದಕ್ಕಿಂತ ಚೆನ್ನಾಗಿದೆ, ಕೊನೆಯ ಪುಟ ಒಂದು ಇಲ್ಲ ಅಷ್ಟೇ.

ಆ ಪುಟದಲ್ಲಿ ದೊಡ್ಡದೇನೂ ಬೇಕಾಗಿರಲಿಲ್ಲ. ಸಮಾರಂಭ ಮುಗಿದ ಮೇಲೆ ಜನ ಹೊರಟು ಹೋದ ಜಾಗದಲ್ಲಿ ಸೈಲಸ್ ಒಬ್ಬನೇ ನಿಂತಿದ್ದರೆ ಸಾಕಿತ್ತು. ಮಗ ಅವನನ್ನ ನೋಡಿ ಮಾತಾಡಿಸಬಹುದು, ಮಾತಾಡಿಸದೆಯೂ ಹೋಗಬಹುದು.

ನಮ್ಮಪ್ಪ ಈಗ ಹೊಗೆಸೊಪ್ಪು ಬಿಟ್ಟಿದ್ದಾರೆ, ಬ್ಯಾರನ್ನಲ್ಲಿ ಹುಲ್ಲು ಒಟ್ಟಿದ್ದೀವಿ. ಹೋದ ಸಲ ಊರಿಗೆ ಹೋದಾಗ ಈ ಪುಸ್ತಕ ಜೊತೆಗಿತ್ತು. ಏನದು ಅಂತ ಕೇಳಿದರು, ಚಿತ್ರ ತೋರಿಸುತ್ತಾ ಕಥೆ ಹೇಳಿದೆ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಎಲ್ಲ ಸುಮ್ನೆ ಕೇಳಿಸಿಕೊಂಡರು. ವಿಕ್ಟರ್ ಕಥೆ ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ನಿನ್ನ ಜಿಲ್ಲಾ ಮ್ಯಾಚು ಎಲ್ಲಿತ್ತು?' ಅಂದರು. ಮೈಸೂರಲ್ಲಿ ಅಂದೆ. 'ಗೆದ್ದಿದ್ರಾ?' 'ಇಲ್ಲ, ಸೆಮಿಫೈನಲ್‌ನಲ್ಲಿ ಸೋತ್ವಿ' ಅಂದೆ. 'ಹೂಂ' ಅಂತ ಎದ್ದು ದನಕ್ಕೆ ನೀರಿಡೋಕೆ ಹೋದರು.